ಎಳೆಯುವ ಬಲ, ಹೊರುವ ಬೆನ್ನು: ಐದನೆಯ ಚಕ್ರದ ಕಥೆ

ನಾಲ್ಕು ಚಕ್ರದ ಗಾಡಿಗೆ ಐದನೆಯ ಚಕ್ರ ಯಾವುದು ಎಂದು ಕೇಳಿದರೆ ಬಹುತೇಕರು ಸ್ಟೆಪ್ನಿ ಎಂದೇ ಉತ್ತರಿಸುತ್ತಾರೆ. ನಾನು ಇಲ್ಲಿ ಹೇಳಹೊರಟಿರುವ ಐದನೆಯ ಚಕ್ರ ಅದಲ್ಲ. ಕುದುರೆ ಸಾರೋಟುಗಳ ಕಾಲದಲ್ಲಿ ಮುಂದಿನ ಅಚ್ಚು ಎಡಕ್ಕೂ ಬಲಕ್ಕೂ ಸಲೀಸಾಗಿ ಹೊರಳಲೆಂದು ಗಾಡಿಯ ಒಡಲಿಗೂ ಅಚ್ಚಿಗೂ ನಡುವೆ ಕಬ್ಬಿಣದ ಬಳೆಯೊಂದನ್ನು ಚಪ್ಪಟೆಯಾಗಿ ಮಲಗಿಸಿ ಕೂರಿಸುತ್ತಿದ್ದರು. ನೆಲವನ್ನೇ ಮುಟ್ಟದ, ಆದರೆ ಗಾಡಿಯ ಮುಂಭಾಗದ ಭಾರವನ್ನೆಲ್ಲ ಹೊರುತ್ತಿದ್ದ ಆ ಬಳೆಗೆ ಇಂಗ್ಲಿಷರು ಇಟ್ಟ ಹೆಸರು ಫಿಫ್ತ್ ವೀಲ್. ಸಾರೋಟುಗಳು ಹೋದವು, ಹೆಸರು ಉಳಿಯಿತು. ಇಂದು ನಮ್ಮ ಹೆದ್ದಾರಿಗಳಲ್ಲಿ ಕಂಟೇನರ್ ಹೊತ್ತು ಸಾಗುವ ಟ್ರೇಲರ್ ಲಾರಿಗಳ ಎಂಜಿನ್ ಭಾಗವು ಒಂಟಿಯಾಗಿ ನಿಂತಿರುವಾಗ ಅದರ ಬೆನ್ನ ಮೇಲೆ ಗ್ರೀಸು ಬಳಿದ, ಕುದುರೆಲಾಳದಂತೆ ಬಾಯಿ ತೆರೆದ ದಪ್ಪ ತಟ್ಟೆಯೊಂದು ಕಾಣುತ್ತದೆ. ಅದೇ ಈಗಿನ ಐದನೆಯ ಚಕ್ರ. ಟ್ರೇಲರಿನ ಅಡಿಯಿಂದ ಇಳಿಬಿದ್ದಿರುವ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟ ಬಂದು ಆ ಬಾಯಿಯೊಳಗೆ ಕಚ್ಚಿಕೊಳ್ಳುತ್ತದೆ.

ಅಮೆರಿಕದಲ್ಲಿ ಈ ತಟ್ಟೆಯು ಲಾರಿಗಳಿಗಷ್ಟೇ ಸೀಮಿತವಾಗಿಲ್ಲ. ಮನೆಮಂದಿಯೆಲ್ಲ ಓಡಾಡುವ ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೂ ಅದನ್ನು ಕೂರಿಸಿಕೊಂಡು, ಅದಕ್ಕೆ ಒಂದು ಚಲಿಸುವ ಮನೆಯನ್ನೇ ಸಿಕ್ಕಿಸಿ ರಜೆಗೆ ಹೊರಡುವವರು ಅಲ್ಲಿ ಲಕ್ಷಾಂತರ ಮಂದಿ. ಆ ಮನೆಗಳಲ್ಲೇ ಅತಿ ಭಾರದ ಬಗೆಯೊಂದಿದೆ, ಹೆಸರು ಟಾಯ್ ಹಾಲರ್, ಅಂದರೆ ಆಟಿಕೆ ಸಾಗಿಸುವ ಗಾಡಿ. ಮುಂಭಾಗದಲ್ಲಿ ಮಲಗುವ ಕೋಣೆ, ನಡುವೆ ಅಡುಗೆಮನೆ ಮತ್ತು ಕೂರುವ ಜಾಗ, ಹಿಂಭಾಗದಲ್ಲಿ ಗ್ಯಾರೇಜು. ಹಿಂಬದಿಯ ಗೋಡೆಯನ್ನು ಬಿಚ್ಚಿ ನೆಲಕ್ಕೆ ಇಳಿಸಿದರೆ ಅದೇ ಇಳಿಜಾರು ಹಲಗೆಯಾಗುತ್ತದೆ. ಅದರ ಮೇಲೆ ಮೋಟಾರ್ ಸೈಕಲ್ಲುಗಳನ್ನೋ ಮರಳಿನಲ್ಲಿ ಓಡಿಸುವ ಸಣ್ಣ ಗಾಡಿಗಳನ್ನೋ ಒಳಗೆ ಹತ್ತಿಸುತ್ತಾರೆ. ದೊಡ್ಡವರ ಆಟಿಕೆಗಳೆಂದರೆ ಇವೇ.

ಇಂಥ ಭಾರಿ ಟ್ರೇಲರಿಗೆ ಎಂಥ ಪಿಕಪ್ ಹೊಂದುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಂಗಡಿಯ ಮಾತಿನಂತೆ ಕಾಣಬಹುದು. ಆದರೆ ಅದರ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ಬಲ್ಲವರು ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ ಎಂಬುದು ನನ್ನ ನಂಬಿಕೆ.

ಕಥೆ ಆರಂಭವಾಗುವುದು 1914ರಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಫ್ರೆಡರಿಕ್ ಸಿಬ್ಲಿ ಎಂಬ ಮರದ ವ್ಯಾಪಾರಿಗೆ ಒಂದು ದೋಣಿಯಿತ್ತು. ಬೇಸಿಗೆಯಲ್ಲಿ ಮಿಶಿಗನ್ ರಾಜ್ಯದ ಉತ್ತರದ ಸರೋವರಕ್ಕೆ ಅದನ್ನು ಒಯ್ಯಬೇಕೆಂಬ ಆಸೆ. ಅವನಲ್ಲಿದ್ದ ಮೋಟಾರು ಫೋರ್ಡ್ ಕಂಪನಿಯ ಮಾಡೆಲ್ ಟಿ, ಸುಮಾರು 20 ಅಶ್ವಶಕ್ತಿಯದು. ದೋಣಿಯನ್ನು ಅದರ ಮೇಲೆ ಹೇರುವಂತಿರಲಿಲ್ಲ. ಅವನು ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಬಳಿಗೆ ಹೋದ. ಕುದುರೆಗಳಿಗೆ ಲಾಳ ಹೊಡೆದು, ಬಂಡಿಗಳನ್ನು ಕಟ್ಟಿ ಜೀವನ ಸಾಗಿಸುತ್ತಿದ್ದ ಫ್ರೂಹಾಫ್ ಎರಡು ಚಕ್ರದ ಗಟ್ಟಿ ಬಂಡಿಯೊಂದನ್ನು ಮಾಡಿ, ಅದರ ಮುಂತುದಿಯನ್ನು ಮೋಟಾರಿನ ಹಿಂಭಾಗಕ್ಕೆ ಸಿಕ್ಕಿಸಿಕೊಟ್ಟ. ಬಂಡಿಯ ಭಾರದ ಒಂದು ಪಾಲು ಅದರ ಸ್ವಂತ ಚಕ್ರಗಳ ಮೇಲೆ, ಇನ್ನೊಂದು ಪಾಲು ಮೋಟಾರಿನ ಮೇಲೆ ಬೀಳುತ್ತಿದ್ದುದರಿಂದ ಅದನ್ನು ಸೆಮಿ-ಟ್ರೇಲರ್, ಎಂದರೆ ಅರೆ-ಟ್ರೇಲರ್ ಎಂದು ಕರೆದ. ದೋಣಿ ಸುಖವಾಗಿ ಊರು ಮುಟ್ಟಿತು. ಸಂತೋಷಗೊಂಡ ಸಿಬ್ಲಿ ತನ್ನ ಮರದ ದಿಮ್ಮಿ ಸಾಗಿಸಲೂ ಅಂಥವೇ ಬಂಡಿಗಳನ್ನು ಮಾಡಿಸಿಕೊಂಡ. 1918ರಲ್ಲಿ ಫ್ರೂಹಾಫ್ ಟ್ರೇಲರ್ ಕಂಪನಿ ನೋಂದಣಿಯಾಯಿತು. ಮುಂದೆ ಅದು ಜಗತ್ತಿನ ಬಹು ದೊಡ್ಡ ಟ್ರೇಲರ್ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು.

ಒಂದು ಸಂಗತಿಯನ್ನು ಗಮನಿಸಬೇಕು. ಮುಂದೆ ಸರಕು ಹೊತ್ತು ತಿರುಗಿದ ಫ್ರೂಹಾಫನ ಅರೆ-ಟ್ರೇಲರು ಮೊದಲು ಹುಟ್ಟಿದ್ದು ಸರಕಿಗಾಗಿ ಅಲ್ಲ, ಸ್ಥಿತಿವಂತನೊಬ್ಬನ ವಿಹಾರದ ದೋಣಿಗಾಗಿ. ಫ್ರೂಹಾಫನ ಆ ಮೊದಲ ಬಂಡಿಯನ್ನು ಟಾಯ್ ಹಾಲರ್ ಎಂದರೆ ತಪ್ಪಾಗದು.

ಫ್ರೂಹಾಫ್ ಕಂಪನಿ ತನ್ನ ಬಂಡಿಗಳನ್ನು ಮಾರಲು ಆ ದಿನಗಳ ಗಿರಾಕಿಗಳಿಗೆ ಚೆನ್ನಾಗಿ ತಿಳಿದಿದ್ದ ಒಂದು ಮಾತನ್ನೇ ಬಳಸಿಕೊಂಡಿತು. ಕುದುರೆಯು ತಾನು ಹೊರಬಲ್ಲುದಕ್ಕಿಂತ ಹೆಚ್ಚನ್ನು ಎಳೆಯಬಲ್ಲುದು, ಮೋಟಾರು ಬಂಡಿಯೂ ಹಾಗೆಯೇ ಎಂಬುದು ಅದರ ಜಾಹೀರಾತಿನ ಸಾರ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿನ ಬೆನ್ನಿಗೆ ಎರಡು ಮೂಟೆ ಹೇರಿದರೆ ಅದು ಬಳಲುತ್ತದೆ. ಅದೇ ಎತ್ತನ್ನು ಜೊತೆಗಾರನೊಡನೆ ಗಾಡಿಗೆ ಹೂಡಿದರೆ ಹತ್ತಾರು ಮೂಟೆ ಸಾಗಿಸುತ್ತದೆ. ಈ ಮಾತಿಗೆ ಎರಡು ಮುಖಗಳಿವೆ ಎಂಬುದನ್ನು ಮಾತ್ರ ಓದುಗರು ನೆನಪಿಟ್ಟುಕೊಳ್ಳಬೇಕು. ಎಳೆಯುವ ಶಕ್ತಿ ಹೆಚ್ಚು ಎಂಬುದು ಒಂದು ಮುಖ, ಹೊರುವ ಶಕ್ತಿ ಕಡಿಮೆ ಎಂಬುದು ಇನ್ನೊಂದು. ನೂರು ವರ್ಷಗಳಿಂದ ಮಾರುವವರು ಮೊದಲನೆಯದನ್ನು ಗಟ್ಟಿಯಾಗಿ ಹೇಳುತ್ತ ಬಂದಿದ್ದಾರೆ. ಎರಡನೆಯದನ್ನು ಕೊಳ್ಳುವವರೇ ಹುಡುಕಿ ತಿಳಿದುಕೊಳ್ಳಬೇಕು.

ಅದೇ ಕಾಲಕ್ಕೆ ಚಾರ್ಲ್ಸ್ ಮಾರ್ಟಿನ್ ಎಂಬ ಎಂಜಿನಿಯರು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಸಾರೋಟಿನ ಹಳೆಯ ಬಳೆಯನ್ನು ಮೋಟಾರು ಯುಗಕ್ಕೆ ಅಳವಡಿಸಿ, ಎಡಬಲಕ್ಕೆ ಹೊರಳುವುದರ ಜೊತೆಗೆ ಹಿಂದುಮುಂದಕ್ಕೂ ತುಸು ತೂಗಾಡಬಲ್ಲ ತಟ್ಟೆಯನ್ನು ಅವನು ರೂಪಿಸಿದ. ರಸ್ತೆ ಏರಿಳಿದಾಗ ಟ್ರೇಲರು ಮುರಿಯದೆ ಬಾಗುವಂತಾದದ್ದು ಈ ತೂಗಾಟದಿಂದ. ಭಾರ ಬೀಳುವ ಬಿಂದುವನ್ನು ವಾಹನದ ಹಿಂತುದಿಯಿಂದ ತೆಗೆದು ಹಿಂದಿನ ಅಚ್ಚಿನ ಮೇಲಕ್ಕೋ ಅದಕ್ಕಿಂತ ತುಸು ಮುಂದಕ್ಕೋ ತಂದಿದ್ದು ಈ ಏರ್ಪಾಡಿನ ದೊಡ್ಡ ಗುಣ. ಬಾಲಕ್ಕೆ ಕಟ್ಟಿದ ಟ್ರೇಲರು ಬಾಲದಂತೆಯೇ ಅಲ್ಲಾಡಿ ವಾಹನವನ್ನು ಓಲಾಡಿಸುತ್ತದೆ. ಬೆನ್ನ ಮೇಲೆ ಕೂರಿಸಿದ ಟ್ರೇಲರು ಹಾಗೆ ಮಾಡುವುದು ಬಹಳ ಕಡಿಮೆ.

ಈ ತಟ್ಟೆಯನ್ನು ರಜೆಯ ಮನೆಗೆ ಮೊದಲು ಜೋಡಿಸಿದವರಲ್ಲಿ ಪ್ರಮುಖನಾದವನು ವಿಮಾನಗಳಿಂದ ಪ್ರಸಿದ್ಧನಾದ ಗ್ಲೆನ್ ಕರ್ಟಿಸ್. ಬೇಟೆಗೂ ವಿಹಾರಕ್ಕೂ ಹೋಗುವಾಗ ತನ್ನೊಡನೆ ಮಲಗುವ ಮನೆಯೂ ಬರಬೇಕೆಂದು ಬಯಸಿದ ಅವನು 1928ರ ಸುಮಾರಿಗೆ ಫ್ಲಾರಿಡಾದ ಓಪಾಲಾಕಾದಲ್ಲಿ ಏರೋಕಾರ್ ಎಂಬ ಟ್ರೇಲರುಗಳನ್ನು ಮಾಡಿಸತೊಡಗಿದ. ವಿಮಾನದ ಒಡಲಿನಂತೆಯೇ ಮರದ ಹಂದರ ಮತ್ತು ಬಿಗಿದ ತಂತಿಗಳಿಂದ ಕಟ್ಟಿದ ಹಗುರ ಗಾಡಿಗಳು ಅವು. ಅದಕ್ಕಿಂತ ಸೋಜಿಗದ್ದು ಅವುಗಳ ಕೊಂಡಿ. ಎಳೆಯುವ ಕಾರಿನ ಹಿಂಭಾಗದಲ್ಲಿ ವಿಮಾನದ ಗಾಳಿ ತುಂಬಿದ ಟೈರೊಂದನ್ನು ಚಪ್ಪಟೆಯಾಗಿ ಮಲಗಿಸಿ, ಅದರ ನಡುವಿನ ತೂತಿಗೆ ಟ್ರೇಲರಿನ ಗೂಟವನ್ನು ಇಳಿಸುತ್ತಿದ್ದರು. ಧಕ್ಕೆಯನ್ನೆಲ್ಲ ಟೈರು ನುಂಗುತ್ತಿತ್ತು. ಐದನೆಯ ಚಕ್ರವೆಂಬ ಹೆಸರು ಅಕ್ಷರಶಃ ಚಕ್ರವೇ ಆದದ್ದು ಆಗ. ಕರ್ಟಿಸ್ 1930ರಲ್ಲಿ ತೀರಿಕೊಂಡ. ಅವನ ವಿಚಾರದಲ್ಲಿ ನನಗೆ ಮೆಚ್ಚಿಕೆಯಾದದ್ದು ಇಷ್ಟು: ವಿಮಾನ ಕಟ್ಟಿದವನಾದ್ದರಿಂದ ಎಂಜಿನಿನ ಬಲ ಹೆಚ್ಚಿಸುವುದಕ್ಕಿಂತ ಗಾಡಿಯ ತೂಕ ಇಳಿಸುವುದು ಲೇಸೆಂದು ಅವನು ಅರಿತಿದ್ದ. ಮುಂದೆ ಬಂದವರು ಹಿಡಿದದ್ದು ತದ್ವಿರುದ್ಧ ದಾರಿ.

ಈಗ ಎಳೆಯುವ ವಾಹನದ ಕಡೆಗೆ ಬರೋಣ. ಫೋರ್ಡ್ ಕಂಪನಿ ಕಾರ್ಖಾನೆಯಲ್ಲಿಯೇ ತೊಟ್ಟಿ ಕಟ್ಟಿದ ಮಾಡೆಲ್ ಟಿ ಪಿಕಪ್ಪನ್ನು 1925ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 281 ಡಾಲರು. ಆ ತಲೆಮಾರಿನ ಪಿಕಪ್ಪುಗಳನ್ನು ಅವು ಹೊರುವ ಭಾರದಿಂದಲೇ ಗುರುತಿಸುತ್ತಿದ್ದರು: ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್. ಎಷ್ಟು ಎಳೆಯುತ್ತದೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ಎಷ್ಟು ಹೊರುತ್ತದೆ ಎಂಬುದೇ ಪ್ರಶ್ನೆ. ಆ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ, ಆದರೆ ಅರ್ಥ ಸವೆದುಹೋಗಿದೆ. ಇಂದಿನ ಒಂದು ಟನ್ನಿನ ಪಿಕಪ್ ಎರಡು ಟನ್ನಿಗೂ ಮೀರಿ ಹೊರಬಹುದು. ಮುಕ್ಕಾಲು ಟನ್ನಿನದು ಒಂದು ಟನ್ ಹೊರಬಹುದು. ಮನೆತನದ ಹೆಸರಿನಂತೆ ಅವು ಬರಿಯ ಗುರುತುಗಳಾಗಿ ಉಳಿದಿವೆ.

ಹೊರುವ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ ಎಳೆಯುವ ಪ್ರಶ್ನೆಯನ್ನು ಮುಂದಕ್ಕೆ ತಂದದ್ದು ಡೀಸೆಲ್ ಎಂಜಿನು. ಇಲ್ಲಿ ಕ್ಲೆಸ್ಸಿ ಕಮಿನ್ಸ್ ಎಂಬವನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. 1919ರಲ್ಲಿ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ ಎಂಜಿನ್ ಕಂಪನಿ ಕಟ್ಟಿದ ಈತ ಡೀಸೆಲ್ಲಿನ ಗಟ್ಟಿತನವನ್ನು ಜಗತ್ತಿಗೆ ತೋರಿಸಲೆಂದು 1931ರಲ್ಲಿ ಡೀಸೆಲ್ ಲಾರಿಯೊಂದನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಓಡಿಸಿಕೊಂಡು ಹೋದ. ಪ್ರಯಾಣದ ಕೊನೆಗೆ ಕಹೋನ್ ಪಾಸ್ ಎಂಬ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ತಪ್ಪಿತು. ಇಳಿಜಾರಿನ ಬುಡದಲ್ಲಿ ರೈಲು ಹಳಿ, ಹಳಿಯ ಮೇಲೆ ಸರಕು ರೈಲು. ಕೂದಲೆಳೆಯ ಅಂತರದಲ್ಲಿ ಲಾರಿ ಪಾರಾಯಿತು. ಎಂಜಿನು ಬೆಟ್ಟ ಹತ್ತಿಸುವುದಷ್ಟೇ ಅಲ್ಲ, ಬೆಟ್ಟ ಇಳಿಸುವುದಕ್ಕೂ ನೆರವಾಗಬೇಕು ಎಂಬ ವಿಚಾರ ಅವನ ಮನಸ್ಸಿನಿಂದ ದೂರವಾಗಲಿಲ್ಲ. ನಿವೃತ್ತನಾದ ಮೇಲೆ ಅವನು ಎಂಜಿನನ್ನೇ ಬ್ರೇಕಾಗಿ ಬಳಸುವ ಸಾಧನವನ್ನು ರೂಪಿಸಿದ. ಜೇಕಬ್ಸ್ ಕಂಪನಿ 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಲಾರಿಯವರು ಅದನ್ನು ಇಂದಿಗೂ ಜೇಕ್ ಬ್ರೇಕ್ ಎನ್ನುತ್ತಾರೆ.

ಕಮಿನ್ಸ್ ಹೆಸರು ನಮಗೂ ದೂರದ್ದಲ್ಲ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಕಂಪನಿ ಸ್ಥಾಪನೆಯಾಯಿತು. ಆ ಕಿರ್ಲೋಸ್ಕರ್ ಉದ್ಯಮದ ಮೂಲ ನಮ್ಮ ಬೆಳಗಾವಿ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದಲೇ ಎಲ್ಲವೂ ಆರಂಭವಾದದ್ದು.

1989ರ ಮಾದರಿಯ ಡಾಡ್ಜ್ ಪಿಕಪ್ಪಿನಲ್ಲಿ 5.9 ಲೀಟರಿನ ಕಮಿನ್ಸ್ ಎಂಜಿನು ಬಂದಾಗ ಪಿಕಪ್ ಲೋಕದ ಚಹರೆಯೇ ಬದಲಾಯಿತು. ಅದರ ಬಲ 160 ಅಶ್ವಶಕ್ತಿ. ಟಾರ್ಕ್, ಅಂದರೆ ತಿರುಗಿಸುವ ಬಲ, 400 ಪೌಂಡ್-ಅಡಿ. ಅಲ್ಲಿಂದ ಪೈಪೋಟಿ ಶುರುವಾಯಿತು. ಫೋರ್ಡ್ 1994ರಲ್ಲಿ ಪವರ್ ಸ್ಟ್ರೋಕ್ ಎಂಜಿನನ್ನು, ಜನರಲ್ ಮೋಟಾರ್ಸ್ 2001ರ ಮಾದರಿಯಲ್ಲಿ ಡ್ಯುರಾಮ್ಯಾಕ್ಸ್ ಎಂಜಿನನ್ನು ತಂದವು. 2023ರ ಮಾದರಿಯ ಫೋರ್ಡ್ ಸೂಪರ್ ಡ್ಯೂಟಿ ಪಿಕಪ್ಪಿನ ಹೆಚ್ಚು ಬಲದ ಡೀಸೆಲ್ ಎಂಜಿನು 500 ಅಶ್ವಶಕ್ತಿ ಮತ್ತು 1,200 ಪೌಂಡ್-ಅಡಿ ಟಾರ್ಕನ್ನು ಮುಟ್ಟಿತು. ಸಿಬ್ಲಿಯ ಮಾಡೆಲ್ ಟಿಗೆ ಹೋಲಿಸಿದರೆ 25 ಪಟ್ಟು ಬಲ. ಡೀಸೆಲ್ ಪಿಕಪ್ಪುಗಳಿಗೆ ಕಾರ್ಖಾನೆಯಿಂದಲೇ ಎಕ್ಸಾಸ್ಟ್ ಬ್ರೇಕು ಬರತೊಡಗಿದ್ದು ಇದೇ ಅವಧಿಯಲ್ಲಿ. ಅದರ ರಚನೆ ಜೇಕ್ ಬ್ರೇಕಿಗಿಂತ ಬೇರೆಯಾದರೂ ಉದ್ದೇಶ ಒಂದೇ.

ಎಳೆಯುವವನು ಬಲಿಷ್ಠನಾಗುತ್ತಿದ್ದಂತೆ ಆಟಿಕೆಗಳೂ ಬೆಳೆದವು. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದಲ್ಲಿ ಬಲೂನಿನಂಥ ಟೈರುಗಳ ಮೂರು ಚಕ್ರದ ಪುಟ್ಟ ಗಾಡಿಯೊಂದನ್ನು ಬಿಟ್ಟಿತು. ಪಿಕಪ್ಪಿನ ತೊಟ್ಟಿಯಲ್ಲಿ ಹಾಕಿಕೊಂಡು ಹೋಗಬಹುದಾದಷ್ಟು ಹಗುರ ಅದು. ಅದು ಮಗುಚಿ ಮಕ್ಕಳೂ ದೊಡ್ಡವರೂ ಗಾಯಗೊಂಡ ಪ್ರಕರಣಗಳು ಹೆಚ್ಚಾದಾಗ 1988ರಲ್ಲಿ ಸರ್ಕಾರದೊಡನೆ ಆದ ಒಪ್ಪಂದದಂತೆ ಕಂಪನಿಗಳು ಅಲ್ಲಿ ಹೊಸ ಮೂರು ಚಕ್ರದ ಗಾಡಿಗಳ ಮಾರಾಟವನ್ನು ನಿಲ್ಲಿಸಿದವು. ನಾಲ್ಕು ಚಕ್ರದವು ಅವುಗಳ ಜಾಗಕ್ಕೆ ಬಂದವು. ಆಮೇಲೆ ಇಬ್ಬರು ಪಕ್ಕಪಕ್ಕ ಕೂರುವ ಗಾಡಿಗಳು: 2003ರಲ್ಲಿ ಯಮಾಹಾ ರೈನೋ, 2007ರಲ್ಲಿ ಪೊಲಾರಿಸ್ ಕಂಪನಿಯ ಆರ್‌ಜೆಡ್‌ಆರ್. ಇಂದು ನಾಲ್ವರು ಕೂರುವ ಇಂಥ ಗಾಡಿಯೊಂದರ ತೂಕ ಸುಮಾರು 700 ಕಿಲೋ. ಅಷ್ಟು ಭಾರದ ವಸ್ತುವನ್ನು ಇನ್ನು ಆಟಿಕೆ ಎಂದು ಕರೆಯುವುದು ಬರಿಯ ರೂಢಿಯಷ್ಟೆ.

ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯ ಇಂಪೀರಿಯಲ್ ಮರಳುದಿಬ್ಬಗಳಂಥ ಜಾಗಗಳಲ್ಲಿ ನೀರಿಲ್ಲ, ನೆರಳಿಲ್ಲ, ವಿದ್ಯುತ್ತಿಲ್ಲ. ಅಲ್ಲಿ ಮೂರು ನಾಲ್ಕು ದಿನ ತಂಗಬೇಕಾದರೆ ನೀರು, ಇಂಧನ, ಜನರೇಟರು, ಹಾಸಿಗೆ, ಅಡುಗೆಮನೆ ಎಲ್ಲವನ್ನೂ ಒಯ್ಯಬೇಕು. ಜೊತೆಗೆ ಆಟಿಕೆಯನ್ನೂ ಒಯ್ಯಬೇಕು. ಎರಡನ್ನೂ ಒಂದೇ ಗಾಡಿಯಲ್ಲಿ ತುಂಬುವ ಟಾಯ್ ಹಾಲರ್ 1980ರ ದಶಕದ ಕೊನೆಗೂ 1990ರ ದಶಕದಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಬಲವಾಗಿ ಬೇರೂರಿದ್ದು ಈ ಕಾರಣದಿಂದ. ಅದರ ದೊಡ್ಡ ಬಗೆಗೆ ಐದನೆಯ ಚಕ್ರವೇ ಬೇಕಾಯಿತು. ಲಾಸ್ ಏಂಜಲೀಸಿನ ಕಡೆಯಿಂದ ಮೊಹಾವಿ ಮರುಭೂಮಿಗೆ ಹೋಗುವ ಗಾಡಿಗಳು ಇಂದಿಗೂ ಹತ್ತಿಳಿಯುವುದು ಅದೇ ಕಹೋನ್ ಪಾಸನ್ನು.

ಇನ್ನು ಹೊಂದಾಣಿಕೆಯ ವಿಷಯ. ನಮ್ಮ ಎತ್ತಿನಗಾಡಿಯಲ್ಲಿ ಸರಕು ಹೇರುವವರು ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳನ್ನು ಬಳಸುತ್ತಾರೆ. ಅಚ್ಚಿನಿಂದ ಮುಂದಕ್ಕೆ ಹೆಚ್ಚು ಹೇರಿದರೆ ಮೂಕಿ ತಗ್ಗಿ ನೊಗವು ಎತ್ತಿನ ಕತ್ತನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಎತ್ತಿನ ಕತ್ತಿನ ಮೇಲೆ ಬೀಳುವ ಈ ಭಾರಕ್ಕೂ ಪಿಕಪ್ಪಿನ ಬೆನ್ನ ಮೇಲೆ ಕಿಂಗ್‌ಪಿನ್ ಒತ್ತುವ ಭಾರಕ್ಕೂ ತತ್ವದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಅದನ್ನು ಪಿನ್ ಭಾರ ಎಂದು ಕರೆಯೋಣ. ಸಾಮಾನ್ಯವಾಗಿ ಅದು ಟ್ರೇಲರಿನ ಒಟ್ಟು ತೂಕದ ಶೇ. 15ರಿಂದ 25ರವರೆಗೆ ಇರುತ್ತದೆ. ತೀರಾ ಕಡಿಮೆಯಾದರೆ ಟ್ರೇಲರು ರಸ್ತೆಯ ಮೇಲೆ ಹಿಡಿತ ಕಳೆದುಕೊಂಡು ಓಲಾಡುತ್ತದೆ, ಹೆಚ್ಚಾದರೆ ಪಿಕಪ್ಪಿನ ಹಿಂದಿನ ಅಚ್ಚು, ಸ್ಪ್ರಿಂಗು ಮತ್ತು ಟೈರುಗಳು ನಲುಗುತ್ತವೆ.

ಅರಿಜೋನಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ಕಾಲದ ಹಿಂದೆ ಬರೆದಿದ್ದ: "ಮೇಷ್ಟ್ರೇ, ನನ್ನ ಬಳಿ ಮುಕ್ಕಾಲು ಟನ್ನಿನ ಡೀಸೆಲ್ ಪಿಕಪ್ ಇದೆ. 9,000 ಕಿಲೋ ಎಳೆಯುತ್ತದೆ ಎಂದು ಅದರ ಪುಸ್ತಕದಲ್ಲಿ ಬರೆದಿದೆ. ನಾವು ನೋಡಿರುವ ಟಾಯ್ ಹಾಲರ್ ನೀರು, ಸಾಮಾನು ಎಲ್ಲ ಸೇರಿ 8,000 ಕಿಲೋ. ಗ್ಯಾರೇಜಿನೊಳಗೆ 700 ಕಿಲೋದ ಗಾಡಿ ಇಟ್ಟರೂ ಇನ್ನೂ 300 ಕಿಲೋ ಮಿಗುತ್ತದೆ. ಮಾರುವವರೂ ಧಾರಾಳವಾಗಿ ಎಳೆಯುತ್ತದೆ ಎಂದಿದ್ದಾರೆ. ಮುಂದಿನ ವಾರ ಮುಂಗಡ ಕೊಡುವವನಿದ್ದೇನೆ. ನೀವು ಸನ್ನೆಯ ಪಾಠ ಮಾಡಿದ್ದು ನೆನಪಾಯಿತು, ಒಮ್ಮೆ ಲೆಕ್ಕ ನೋಡುತ್ತೀರಾ?" ಹಿಂದಿನ ಸೀಟಿನಲ್ಲಿ ಕೂರುವವರು ಅವನ ಇಬ್ಬರು ಮಕ್ಕಳು. ಹಾಗಾಗಿ ನಾನು ಆ ಲೆಕ್ಕವನ್ನು ಮೂರು ಸಲ ಮಾಡಿದೆ.

ಅವನು ಕಳುಹಿಸಿದ ಅಂಕಿಗಳ ಪ್ರಕಾರ ಪಿಕಪ್ಪು ತನ್ನ ಮೈಮೇಲಿನ ಎಲ್ಲ ಭಾರವೂ ಸೇರಿ ತೂಗಬಹುದಾದ ಗರಿಷ್ಠ ಮಿತಿ 4,536 ಕಿಲೋ, ಅಂದರೆ 10,000 ಪೌಂಡು. ಇಂಧನ ತುಂಬಿಸಿದ ಬರಿಯ ಪಿಕಪ್ಪಿನ ತೂಕವೇ 3,500 ಕಿಲೋ. ಉಳಿದದ್ದು 1,036. ನಾಲ್ವರು ಕೂತರೆ 260 ಕಿಲೋ, ತೊಟ್ಟಿಯಲ್ಲಿ ಕೂರಿಸುವ ಐದನೆಯ ಚಕ್ರದ ತಟ್ಟೆ ಮತ್ತು ಅದರ ಚೌಕಟ್ಟಿಗೆ 100, ಸಲಕರಣೆ ಪೆಟ್ಟಿಗೆ ಮುಂತಾದವಕ್ಕೆ 70. ಇವನ್ನು ಕಳೆದರೆ ಪಿನ್ ಭಾರಕ್ಕೆಂದು ಉಳಿಯುವುದು 606 ಕಿಲೋ ಮಾತ್ರ. 8,000 ಕಿಲೋ ಟ್ರೇಲರಿನ ಶೇ. 20 ಎಂದರೆ 1,600 ಕಿಲೋ. ಸುಮಾರು ಒಂದು ಸಾವಿರ ಕಿಲೋ ಮಿತಿಮೀರಿದ ಭಾರ!

"ಆಟಿಕೆ ಹಿಂದುಗಡೆ ಇರುತ್ತದಲ್ಲ, ಅದು ಮುಂಭಾರವನ್ನು ಇಳಿಸುವುದಿಲ್ಲವೆ?" ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ, ಇಳಿಸುತ್ತದೆ. ಟ್ರೇಲರಿನ ಅಚ್ಚುಗಳ ನಡುಬಿಂದುವನ್ನು ಸನ್ನೆಯ ಆಧಾರಬಿಂದು ಎಂದು ತಿಳಿಯೋಣ. ಅಲ್ಲಿಂದ ಪಿನ್ನಿಗೆ 8 ಮೀಟರು, ಗ್ಯಾರೇಜಿನಲ್ಲಿರುವ ಗಾಡಿಯ ನಡುವಿಗೆ ಹಿಂದಕ್ಕೆ 2.5 ಮೀಟರು ಎಂದಿಟ್ಟುಕೊಂಡರೆ, 700ನ್ನು 2.5ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಸುಮಾರು 220 ಕಿಲೋ ಇಳಿಯಿತು. ಪಿನ್ ಭಾರ 1,380ಕ್ಕೆ ಬಂತು. ಆದರೂ ಇರುವ ಅವಕಾಶದ ಎರಡು ಪಟ್ಟಿಗಿಂತ ಹೆಚ್ಚು. ಟಾಯ್ ಹಾಲರಿನ ಇಕ್ಕಟ್ಟೇ ಇದು. ಗ್ಯಾರೇಜು ತುಂಬಿದಾಗ ಪಿನ್ ಭಾರ ತೀರಾ ಇಳಿಯಬಾರದೆಂದು ತಯಾರಕರು ಮೊದಲೇ ಮುಂಭಾರ ಹೆಚ್ಚಿಟ್ಟಿರುತ್ತಾರೆ. ಆದ್ದರಿಂದ ಗ್ಯಾರೇಜು ಖಾಲಿಯಿದ್ದಾಗಲೇ ಪಿಕಪ್ಪಿನ ಬೆನ್ನಿಗೆ ಅತಿ ಹೆಚ್ಚು ಭಾರ. ಪಿಕಪ್ಪನ್ನು ಆರಿಸುವಾಗ ಖಾಲಿ ಗ್ಯಾರೇಜಿನ ಪಿನ್ ಭಾರವನ್ನು ನೋಡಬೇಕು, ಓಡಿಸುವಾಗ ತುಂಬಿದ ಗ್ಯಾರೇಜಿನ ಪಿನ್ ಭಾರವನ್ನು ನೋಡಬೇಕು.

ಅದೇ ಟ್ರೇಲರನ್ನು ಹಿಂದೆ ಜೋಡಿ ಜೋಡಿಯಾಗಿ ನಾಲ್ಕು ಟೈರುಗಳಿರುವ ಒಂದು ಟನ್ನಿನ ಪಿಕಪ್ಪಿಗೆ ಹೂಡಿದರೆ ಲೆಕ್ಕ ಬೇರೆಯಾಗುತ್ತದೆ. ಅಂಥದ್ದರ ಗರಿಷ್ಠ ಮಿತಿ 6,350 ಕಿಲೋ, ಸ್ವಂತ ತೂಕ ಸುಮಾರು 3,900. ಜನ, ತಟ್ಟೆ, ಸಲಕರಣೆ ಕಳೆದರೂ 2,000 ಕಿಲೋ ಚಿಲ್ಲರೆ ಉಳಿಯುತ್ತದೆ. 1,600 ಕಿಲೋ ಪಿನ್ ಭಾರ ಅದರೊಳಗೆ ಕೂರುತ್ತದೆ. ಎರಡು ಪಿಕಪ್ಪುಗಳ ಎಂಜಿನು ಹೆಚ್ಚುಕಡಿಮೆ ಒಂದೇ ಇರಬಹುದು. ವ್ಯತ್ಯಾಸವಿರುವುದು ಅಚ್ಚಿನಲ್ಲಿ, ಸ್ಪ್ರಿಂಗಿನಲ್ಲಿ, ಟೈರಿನ ಸಂಖ್ಯೆಯಲ್ಲಿ. ಕೆಲವರು ಗಾಳಿಚೀಲದ ಸ್ಪ್ರಿಂಗುಗಳನ್ನು ಹಾಕಿಸಿ ತಗ್ಗಿದ ಹಿಂಭಾಗವನ್ನು ಎತ್ತಿ ನಿಲ್ಲಿಸುತ್ತಾರೆ. ಅದರಿಂದ ಗಾಡಿ ನೆಟ್ಟಗೆ ಕಾಣುತ್ತದೆಯೇ ಹೊರತು ಅಚ್ಚಿನ ಮಿತಿಯಾಗಲಿ ಟೈರಿನ ಮಿತಿಯಾಗಲಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ನನ್ನ ವಿದ್ಯಾರ್ಥಿ ಮುಂಗಡ ಕೊಡಲಿಲ್ಲ. ಪಿಕಪ್ಪಿನ ಸಾಲ ಇನ್ನೂ ತೀರಿರಲಿಲ್ಲವಾದ್ದರಿಂದ ದೊಡ್ಡದನ್ನು ಕೊಳ್ಳುವ ಮಾತೇ ಇರಲಿಲ್ಲ. ಹಿಂಬದಿಯ ಕೊಂಡಿಗೆ ಸಿಕ್ಕಿಸುವ ಚಿಕ್ಕ ಟಾಯ್ ಹಾಲರನ್ನು, ಎಲ್ಲ ಸೇರಿ 4,500 ಕಿಲೋ ಮೀರದ್ದನ್ನು, ಆರಿಸಿಕೊಂಡ. ಅದರ ಕೊಂಡಿಯ ಭಾರ ಶೇ. 12 ಎಂದರೂ 540 ಕಿಲೋ. ಮಕ್ಕಳು ಮೊದಲಿಗೆ ಮುಖ ಸಿಂಡರಿಸಿದರಂತೆ.

ಹೊರುವ ಮಿತಿಯನ್ನು ಕೊಳ್ಳುವವರ ಕಣ್ಣಿಗೆ ಬೀಳುವಂತೆ ಬರೆಯಬೇಕೆಂಬ ಕಾನೂನು ಬಂದದ್ದೂ ಪ್ರಾಣಗಳು ಹೋದ ಮೇಲೆಯೇ. 2000ದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತು ವಾಹನಗಳು ಮಗುಚಿ ಅನೇಕರು ಸತ್ತಿದ್ದರು. ಅದೇ ವರ್ಷ ಅಮೆರಿಕದ ಸಂಸತ್ತು ಟ್ರೆಡ್ ಕಾಯಿದೆಯನ್ನು ಅಂಗೀಕರಿಸಿತು. ಅದರ ಹಿಂದೆ ಬಂದ ನಿಯಮಗಳ ಫಲವಾಗಿ 10,000 ಪೌಂಡಿನವರೆಗಿನ ಮಿತಿಯ ವಾಹನಗಳಲ್ಲಿ ಚಾಲಕನ ಬಾಗಿಲ ಬಳಿ ಒಂದು ಚೀಟಿ ಅಂಟಿಸುವುದು ಕಡ್ಡಾಯವಾಯಿತು. ಜನರೂ ಸಾಮಾನೂ ಸೇರಿ ಇಷ್ಟು ಕಿಲೋ ಮೀರಕೂಡದೆಂದು ಆ ಒಂದು ನಿರ್ದಿಷ್ಟ ವಾಹನಕ್ಕೆ ಅನ್ವಯಿಸುವಂತೆ ಅದರಲ್ಲಿ ಮುದ್ರಿಸಿರುತ್ತಾರೆ. ಜಾಹೀರಾತಿನ ದೊಡ್ಡಕ್ಷರದ ಅಂಕಿಗಿಂತ ಬಾಗಿಲ ಮರೆಯ ಈ ಚೀಟಿಯೇ ಹೆಚ್ಚು ಪ್ರಾಮಾಣಿಕವಾದದ್ದು.

ಎಳೆಯುವ ಅಂಕಿಗೂ ಬಹುಕಾಲ ಒಂದು ಶಿಸ್ತೆಂಬುದು ಇರಲಿಲ್ಲ. ಪ್ರತಿ ಕಂಪನಿಯೂ ತನಗೆ ತೋಚಿದಂತೆ ಅಳೆದು ತನ್ನ ಅಂಕಿಯೇ ದೊಡ್ಡದೆಂದು ಸಾರುತ್ತಿತ್ತು. ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡವನ್ನು ಪ್ರಕಟಿಸಿತು. ಟೊಯೋಟಾ ತನ್ನ 2011ರ ಮಾದರಿಗೆ ಅದನ್ನು ಮೊದಲು ಒಪ್ಪಿಕೊಂಡಿತು, ಉಳಿದವರು ನಿಧಾನವಾಗಿ ಹಿಂಬಾಲಿಸಿದರು. ಆ ಮಾನದಂಡಕ್ಕೆ ಆಧಾರವಾದ ರಸ್ತೆಯು ಅರಿಜೋನಾದಲ್ಲಿ ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಬಳಿಯಿಂದ ಬೆಟ್ಟ ಏರುತ್ತದೆ. ಸುಮಾರು 18 ಕಿಲೋಮೀಟರು ಏರು, 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಹವಾನಿಯಂತ್ರಕ ಪೂರ್ತಿ ಚಾಲನೆಯಲ್ಲಿ. ಟ್ರೇಲರು ಎಳೆಯುತ್ತ ಗಂಟೆಗೆ 64 ಕಿಲೋಮೀಟರಿಗಿಂತ ವೇಗ ಇಳಿಯಬಾರದು. ಜೋಡಿ ಟೈರಿನವಕ್ಕೆ ಈ ಮಿತಿ 56. ಪರೀಕ್ಷೆ ಕಠಿಣವಾದದ್ದೇ. ಆದರೆ ಐದನೆಯ ಚಕ್ರದ ಟ್ರೇಲರಿಗೆ ಅದು ಹಿಡಿಯುವ ಪಿನ್ ಭಾರ ಶೇ. 15. ನಿಜವಾದ ಭಾರಿ ಟಾಯ್ ಹಾಲರು ಶೇ. 20ನ್ನೂ ದಾಟುವುದುಂಟು. ಮೇಲಾಗಿ ಪರೀಕ್ಷೆಗೆ ಹೋಗುವ ಪಿಕಪ್ಪಿನಲ್ಲಿ ಇಬ್ಬರೇ ಇರುತ್ತಾರೆ; ನಮ್ಮ ಪಿಕಪ್ಪಿನಲ್ಲಿ ಇಡೀ ಸಂಸಾರವಿರುತ್ತದೆ.

ಓಡಿಸುವವರ ಪರವಾನಗಿಯ ವಿಚಾರವೂ ಇಲ್ಲಿ ಬರುತ್ತದೆ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 15,000 ಪೌಂಡು, ಅಂದರೆ 6,804 ಕಿಲೋ ಮೀರಿದ ಮಿತಿಯ ಫಿಫ್ತ್ ವೀಲ್ ಮನೆಯನ್ನು ಎಳೆಯಲು ಸಾಮಾನ್ಯ ಕಾರಿನ ಪರವಾನಗಿ ಸಾಲದು, ವಾಣಿಜ್ಯೇತರ ಎ ದರ್ಜೆಯ ಪರವಾನಗಿ ಬೇಕು. ಗಾಡಿ ಕೊಳ್ಳುವ ಸಂಭ್ರಮದಲ್ಲಿ ಅನೇಕರು ಇದನ್ನು ವಿಚಾರಿಸುವುದೇ ಇಲ್ಲ.

ಹಾಗಾದರೆ ಹೊಂದಿಸುವ ಕ್ರಮವೇನು? ಮೊದಲು ಟ್ರೇಲರನ್ನು ನಿರ್ಧರಿಸಬೇಕು, ಅದಕ್ಕೆ ತಕ್ಕ ಪಿಕಪ್ಪನ್ನು ಆಮೇಲೆ. ಟ್ರೇಲರಿನ ಖಾಲಿ ತೂಕವನ್ನಲ್ಲ, ಅದರ ಗರಿಷ್ಠ ಮಿತಿಯನ್ನೇ ಹಿಡಿದು ಲೆಕ್ಕ ಮಾಡಬೇಕು, ಏಕೆಂದರೆ ಮನೆಯೆಂದ ಮೇಲೆ ಅದು ತುಂಬಿಯೇ ತುಂಬುತ್ತದೆ. ಅದರ ಶೇ. 20ರಿಂದ 25ನ್ನು ಪಿನ್ ಭಾರವೆಂದು ಎಣಿಸಿ, ಜನರನ್ನೂ ತಟ್ಟೆಯನ್ನೂ ಕೂಡಿಸಿ, ಬಾಗಿಲ ಬಳಿಯ ಚೀಟಿಯೊಡನೆ ಹೋಲಿಸಬೇಕು. ಹಿಂದಿನ ಅಚ್ಚಿನ ಮಿತಿ, ಟೈರಿನ ಮಿತಿ ಮತ್ತು ಎರಡೂ ವಾಹನಗಳ ಜೋಡಿ ತೂಕದ ಮಿತಿ, ಇವಿಷ್ಟನ್ನೂ ಆನಂತರ ನೋಡಬೇಕು. ಎಳೆಯುವ ಅಂಕಿಯನ್ನು ಕೊಟ್ಟ ಕೊನೆಗೆ ನೋಡಿದರೆ ಸಾಕು.

ಕೊಂಡಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅಮೆರಿಕದ ಹೆದ್ದಾರಿಗಳ ಬದಿಯಲ್ಲಿ ಲಾರಿಗಳು ತಂಗುವ ನಿಲ್ದಾಣಗಳಿವೆ. 1977ರಿಂದ ಈಚೆಗೆ ಅಂಥ ಅನೇಕ ಕಡೆ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳು ಬಂದಿವೆ. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಎಂದು ಮೂರನ್ನೂ ಅವು ಬೇರೆಬೇರೆಯಾಗಿ ತೂಗಿಕೊಡುತ್ತವೆ. ಮೊದಲು ಜೋಡಿಯಾಗಿ ತೂಗಿಸಿ, ಆಮೇಲೆ ಟ್ರೇಲರನ್ನು ಕಳಚಿಟ್ಟು ಪಿಕಪ್ಪೊಂದನ್ನೇ ತೂಗಿಸಿದರೆ ಪಿಕಪ್ಪಿನ ಅಚ್ಚುಗಳ ಮೇಲಿನ ವ್ಯತ್ಯಾಸವೇ ನಿಜವಾದ ಪಿನ್ ಭಾರ. ಹೊಸ ಗಾಡಿಯೊಡನೆ ಮೊದಲ ಸಲ ರಜೆಗೆ ಹೊರಡುವವರು ಆ ಕಟ್ಟೆಯನ್ನು ಒಮ್ಮೆ ಹತ್ತಿಳಿದು, ಕೈಗೆ ಬಂದ ಚೀಟಿಯನ್ನೂ ಬಾಗಿಲ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಓದಲಿ. ಫ್ರೂಹಾಫನ ಕಾಲದ ಕುದುರೆಗೆ ಭಾರ ಹೆಚ್ಚಾದರೆ ಅದು ನಿಂತು ಬಿಡುತ್ತಿತ್ತು, ಎತ್ತಾದರೆ ಮಲಗಿಬಿಡುತ್ತದೆ. ಐನೂರು ಅಶ್ವಶಕ್ತಿಯ ಎಂಜಿನು ಹಾಗೆ ಮಾಡುವುದಿಲ್ಲ. ತನ್ನ ಬೆನ್ನು ಹೊರಲಾರದ ಭಾರವನ್ನೂ ಅದು ನಿರಾಯಾಸವಾಗಿ ಎಳೆದುಕೊಂಡು ಬೆಟ್ಟ ಹತ್ತಿಸುತ್ತದೆ. ಆಚೆ ಬದಿಯ ಇಳಿಜಾರು ಬರುವ ಮುಂಚೆಯೇ ಆ ಲೆಕ್ಕವನ್ನು ನಾವು ಮಾಡಿಟ್ಟುಕೊಳ್ಳಬೇಕು.